ತನಗೆ ಸುಸ್ತಾಗಿದೆ ಎಂದಳು ಅಮ್ಮ

ಜೆಸಿಕಾ ಔ ಅವರ ‘ಕೋಲ್ಡ್ ಎನಫ್ ಫಾರ್ ಸ್ನೋ’ ನೂರು ಪುಟದ ಆಸುಪಾಸಿನ ಸಣ್ಣ ಕಾದಂಬರಿ. ಕತೆ ಹೇಳು ಎಂದರೆ ಒಂದೇ ಉಸಿರಿಗೆ ಮುಗಿದುಹೋಗುತ್ತದೆ. ದೊಡ್ಡವಳಾಗಿ ತನ್ನದೇ ಬದುಕು ಕಟ್ಟಿಕೊಂಡಿರುವ ಮಗಳೊಬ್ಬಳು, ಬೇರೊಂದು ಊರಿನಲ್ಲಿರುವ ಅಮ್ಮನನ್ನು ಜಪಾನ್ ಪ್ರವಾಸಕ್ಕೆ ಕರೆಯುತ್ತಾಳೆ. ಅಕ್ಟೋಬರ್ ತಿಂಗಳು, ಟೋಕಿಯೊದಲ್ಲಿ ಜಿನುಗು ಮಳೆ. ಇಬ್ಬರೂ ಛತ್ರಿ ಹಿಡಿದು ನಡೆಯುತ್ತಾರೆ, ರೈಲು ಹತ್ತುತ್ತಾರೆ, ಚಿತ್ರಶಾಲೆಗಳಿಗೆ ಹೋಗುತ್ತಾರೆ, ಊಟ ಮಾಡುತ್ತಾರೆ. ಜಗಳವಿಲ್ಲ, ಅಳುವಿಲ್ಲ, ಯಾವ ಗುಟ್ಟೂ ರಟ್ಟಾಗುವುದಿಲ್ಲ. ಇಬ್ಬರ ಹೆಸರೂ ನಮಗೆ ಗೊತ್ತಾಗುವುದಿಲ್ಲ. ಅಮ್ಮನಿಗೆ ಈ ಪ್ರವಾಸದ ಬಗ್ಗೆ ಇದ್ದ ಕುತೂಹಲ ಒಂದೇ: ಅಲ್ಲಿ ಹಿಮ ಬೀಳುವಷ್ಟು ಚಳಿ ಇರುತ್ತದೆಯೇ ಎಂಬುದು. ಅವಳು ಹಿಮ ನೋಡಿಲ್ಲ. ಪುಸ್ತಕದ ಹೆಸರು ಅಲ್ಲಿಂದ ಬಂದದ್ದು. ಹಿಮ ನೋಡಬೇಕೆಂದ ಅಮ್ಮನನ್ನು ಮಗಳು ಕರೆದುಕೊಂಡು ಹೋದದ್ದು ಮಳೆಯ ಕಾಲದಲ್ಲಿ ಎಂಬುದನ್ನು ಗಮನಿಸಿಕೊಂಡು ಮುಂದೆ ಹೋಗೋಣ.

2022ರಲ್ಲಿ ಬಂದ ಈ ಪುಸ್ತಕ ಅಚ್ಚಾಗುವ ಮೊದಲೇ ಸುದ್ದಿಯಲ್ಲಿತ್ತು. ಆಸ್ಟ್ರೇಲಿಯಾದ ಜಿರಾಮೊಂಡೊ, ಇಂಗ್ಲೆಂಡಿನ ಫಿಟ್ಸ್‌ಕರಾಲ್ಡೊ, ಅಮೆರಿಕದ ನ್ಯೂ ಡೈರೆಕ್ಷನ್ಸ್ ಎಂಬ ಮೂರು ಪ್ರಕಾಶನಗಳು ಸೇರಿ ಶುರುಮಾಡಿದ ‘ದ ನಾವೆಲ್ ಪ್ರೈಜ್’ ಎಂಬ ಬಹುಮಾನ ಮೊದಲ ಸಲ ಸಿಕ್ಕಿದ್ದು ಇದರ ಹಸ್ತಪ್ರತಿಗೆ. ಮರುವರ್ಷ ಆಸ್ಟ್ರೇಲಿಯಾದ ಎರಡು ದೊಡ್ಡ ಪ್ರಶಸ್ತಿಗಳು ಬಂದವು. ಔ ಮೆಲ್ಬರ್ನ್‌ನವರು; ಇದು ಅವರ ಎರಡನೆಯ ಕಾದಂಬರಿ.

ನಾನು ಇದನ್ನು ಎರಡು ಸಲ ಓದಿದ್ದೇನೆ. ಮೊದಲ ಸಲ ಓದಿದಾಗ ಮೆಚ್ಚುಗೆಯೂ ಸ್ವಲ್ಪ ಬೇಸರವೂ ಒಟ್ಟಿಗೇ ಆಯಿತು. ವಾಕ್ಯಗಳು ಚೆಂದ, ಪಿಂಗಾಣಿ ಬಟ್ಟಲು ಚೆಂದ, ಮಳೆ ಚೆಂದ, ಆದರೆ ಈ ಹುಡುಗಿಗೆ ಒಮ್ಮೆಯಾದರೂ ಅಮ್ಮನ ಮೇಲೆ ಸಿಟ್ಟು ಬರಬಾರದೇ ಅನಿಸಿತು. ಎರಡನೆಯ ಸಲ ಓದಿದ್ದಕ್ಕೆ ಕಾರಣ ಬೇರೆ, ಅದನ್ನು ಆಮೇಲೆ ಹೇಳುತ್ತೇನೆ.

ಈ ಪುಸ್ತಕದ ಬಗ್ಗೆ ಮಾತು ಬಂದಾಗಲೆಲ್ಲ ಓದಿದವರು ಮೊದಲು ಎತ್ತುವ ಪ್ರಶ್ನೆ ಒಂದೇ: ಅಮ್ಮ ನಿಜವಾಗಿಯೂ ಇದ್ದಾಳಾ? ಕೊನೆಯ ಭಾಗದಲ್ಲಿ ಮಗಳು ಅಮ್ಮನನ್ನು ಬಿಟ್ಟು ಒಬ್ಬಳೇ ಬೆಟ್ಟದ ಹಾದಿಯಲ್ಲಿ ನಡೆಯಲು ಹೋಗುತ್ತಾಳೆ. ಮರಳಿ ವಸತಿಗೃಹಕ್ಕೆ ಬಂದರೆ ಅಮ್ಮ ಕಾಣುವುದಿಲ್ಲ. ವಿಚಾರಿಸಿದರೆ ಅಲ್ಲಿಯವರಿಗೆ ಅಂಥ ಇನ್ನೊಬ್ಬರು ಬಂದದ್ದೇ ಗೊತ್ತಿಲ್ಲ. ಆಮೇಲೆ ಅಮ್ಮ ಕಾಣಿಸಿಕೊಳ್ಳುತ್ತಾಳೆ. ಕತೆ ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತದೆ. ಇದೊಂದು ಎಳೆ ಹಿಡಿದು, ಅಮ್ಮ ತೀರಿಹೋಗಿದ್ದಾಳೆ, ಮಗಳು ನೆನಪಿನೊಂದಿಗೆ ಪ್ರವಾಸ ಮಾಡುತ್ತಿದ್ದಾಳೆ ಎಂದು ಓದುವವರಿದ್ದಾರೆ. ಅದಕ್ಕೆ ಪುಸ್ತಕದಲ್ಲಿ ಆಧಾರ ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಹಾಗೆ ಓದಿದ ಕೂಡಲೇ ಪುಸ್ತಕ ಸಣ್ಣದಾಗಿಬಿಡುತ್ತದೆ. ಒಗಟು ಬಿಡಿಸಿದ ಸಮಾಧಾನದಲ್ಲಿ ನಾವು ಪುಸ್ತಕ ಮುಚ್ಚಿಡುತ್ತೇವೆ. ಸತ್ತ ಅಮ್ಮ ಮಾತಾಡದಿದ್ದರೆ ಅದರಲ್ಲಿ ಆಶ್ಚರ್ಯವೇನು? ಬದುಕಿರುವ, ಎದುರಿಗೇ ಕೂತು ಊಟ ಮಾಡುತ್ತಿರುವ ಅಮ್ಮನ ಮಾತು ನಮಗೆ ಕೇಳಿಸದೇ ಹೋಗುವುದು ಅದಕ್ಕಿಂತ ಹೆದರಿಕೆಯ ಸಂಗತಿ. ಔ ಬರೆದಿರುವುದು ಅದನ್ನು ಎಂದು ನನ್ನ ಅನಿಸಿಕೆ. ಮತ್ತು ಅದನ್ನು ಅವರು ಬರೆದದ್ದು ಘಟನೆಗಳ ಮೂಲಕ ಎನ್ನುವುದಕ್ಕಿಂತ ವ್ಯಾಕರಣದ ಮೂಲಕ.

ಪುಸ್ತಕದಲ್ಲಿ ಉದ್ಧರಣ ಚಿಹ್ನೆಯೊಳಗಿನ ಸಂಭಾಷಣೆಯನ್ನು ಹುಡುಕಿ ನೋಡಿ, ನಿರಾಶೆಯಾಗುತ್ತದೆ. ಅಮ್ಮನ ಮಾತೆಲ್ಲ ಬಹುತೇಕ ಮಗಳ ವಾಕ್ಯದ ಹೊಟ್ಟೆಯೊಳಗೇ ಇದೆ. ಅಮ್ಮ ಹೀಗೆಂದಳು, ಅಮ್ಮ ಹಾಗೆಂದಳು. ಇಂಗ್ಲಿಷಿನಲ್ಲಿ ಹೀಗೆ ಬರೆದಾಗ ಒಂದು ಸಣ್ಣ ಕಳ್ಳತನ ನಡೆಯುತ್ತದೆ, ಅದು ಇಂಗ್ಲಿಷ್ ಓದುಗರಿಗೆ ಗೊತ್ತಾಗುವುದೇ ಇಲ್ಲ. ಕನ್ನಡದವರಿಗೆ ಗೊತ್ತಾಗುತ್ತದೆ. ಉದಾಹರಣೆಗೆ ಅಮ್ಮನಿಗೆ ಸುಸ್ತಾಗಿದೆ ಎಂದುಕೊಳ್ಳಿ (ಈ ಮಾತು ಪುಸ್ತಕದ್ದಲ್ಲ, ನನ್ನದು). ಇಂಗ್ಲಿಷಿನ ಪರೋಕ್ಷ ಮಾತಿನಲ್ಲಿ ಅಮ್ಮ ಆಡಿದ ‘ಐ’ ಅಳಿಸಿಹೋಗಿ ‘ಶಿ’ ಆಗುತ್ತದೆ. ನಮ್ಮ ಮನೆಗಳಲ್ಲಿ ನಾವು ಹೇಳುವುದು ಹೇಗೆ? ‘ಅಮ್ಮ ನಂಗೆ ಸುಸ್ತಾಗಿದೆ ಅಂದ್ಳು’ ಎನ್ನುತ್ತೇವೆ. ಆ ‘ನಂಗೆ’ ಯಾರದ್ದು ಎಂದು ಯಾರೂ ಕೇಳುವುದಿಲ್ಲ. ಅದು ಅಮ್ಮನದೇ. ಅಮ್ಮನ ‘ನಾನು’ ನಮ್ಮ ಬಾಯಿಯ ಮೂಲಕ ಬಂದರೂ ‘ನಾನು’ ಆಗಿಯೇ ಉಳಿಯುತ್ತದೆ. ಬರವಣಿಗೆಗೆ ಬಂದಾಗ ಸ್ವಲ್ಪ ದೂರ ಸರಿದು ‘ತನಗೆ ಸುಸ್ತಾಗಿದೆ ಎಂದಳು’ ಎನ್ನುತ್ತೇವೆ. ‘ತಾನು’ ಎಂಬುದು ‘ನಾನು’ವಿನಷ್ಟು ಹತ್ತಿರದ್ದಲ್ಲ, ‘ಅವಳು’ವಿನಷ್ಟು ಹೊರಗಿನದೂ ಅಲ್ಲ. ‘ಅವಳಿಗೆ ಸುಸ್ತಾಗಿದೆ ಎಂದಳು’ ಎಂದರಂತೂ ಸುಸ್ತಾದದ್ದು ಬೇರೆ ಯಾರಿಗೋ ಎಂದೇ ಅರ್ಥ.

ಈ ಕಾದಂಬರಿಯನ್ನು ಕನ್ನಡಕ್ಕೆ ತರುವವರು ಮೊದಲ ಪುಟದಲ್ಲೇ ತೀರ್ಮಾನ ಮಾಡಬೇಕಾಗುತ್ತದೆ. ಮಾತಿನ ಕನ್ನಡದಲ್ಲಿ ತಂದರೆ ಪುಟಪುಟದಲ್ಲೂ ಅಮ್ಮನ ‘ನಾನು’ ತಾನೇ ತಾನಾಗಿ ಮರಳಿ ಬಂದುಬಿಡುತ್ತದೆ, ಪುಸ್ತಕ ಬೇರೆಯದೇ ಆಗುತ್ತದೆ. ‘ತಾನು’ ಎಂದು ತಂದರೆ ಮೂಲಕ್ಕೆ ಹತ್ತಿರವಾದೀತು, ಆದರೆ ಅಮ್ಮನ ಬಗ್ಗೆ ಅಷ್ಟು ಪುಟ ‘ತಾನು, ತನಗೆ’ ಎಂದು ಓದುತ್ತಾ ಹೋದರೆ ನಮ್ಮ ಕಿವಿಗೆ ಏನೋ ಸರಿಯಿಲ್ಲ ಎಂದು ಹೊಳೆಯದೇ ಇರದು. ಅದರ ಜೊತೆಗೆ ‘ನೀನು’, ‘ನೀವು’ಗಳ ಪ್ರಶ್ನೆ ಬೇರೆ. ಈ ಮಗಳು ಅಮ್ಮನನ್ನು ಹೇಗೆ ಕರೆಯುತ್ತಾಳೆ? ಅಷ್ಟು ನಯವಾಗಿ, ಅಷ್ಟು ಜಾಗ್ರತೆಯಿಂದ ನಡೆದುಕೊಳ್ಳುವವಳು ‘ನೀನು’ ಎನ್ನುತ್ತಾಳೆಂದು ನನಗೆ ಊಹಿಸಲಾಗುತ್ತಿಲ್ಲ. ‘ನೀವು’ ಎಂದರೆ ಆ ನಯಕ್ಕೆ ಇರುವ ಚಳಿ ಮೊದಲ ಸಾಲಿನಲ್ಲೇ ಬಯಲಾಗುತ್ತದೆ. ಇಂಗ್ಲಿಷಿನಲ್ಲಿ ಬರೆದ ಔ ಅವರಿಗೆ ಈ ತೀರ್ಮಾನ ಮಾಡುವ ಪ್ರಸಂಗವೇ ಬರಲಿಲ್ಲ. ಹಾಗೆ ಬರದೇ ಇದ್ದದ್ದರಲ್ಲೇ ಅವರ ಕತೆಯೂ ಇದೆ. ಅಮ್ಮ ಬೆಳೆದದ್ದು ಹಾಂಗ್‌ಕಾಂಗಿನಲ್ಲಿ, ಅವಳ ಮೊದಲ ಭಾಷೆ ಕ್ಯಾಂಟನೀಸ್. ಮಗಳ ಮೊದಲ ಭಾಷೆ ಇಂಗ್ಲಿಷ್. ಇಬ್ಬರೂ ತಮ್ಮತಮ್ಮಲ್ಲಿ ಮಾತಾಡುವುದು ಇಂಗ್ಲಿಷಿನಲ್ಲಿ. ಅಂದರೆ ಅಮ್ಮ ತನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಜೊತೆ ಆಡುವ ಒಂದೊಂದು ಮಾತೂ ಕಲಿತ ಭಾಷೆಯದು. ನಾವು ಸಲೀಸಾಗಿ ‘ತಾಯ್ನುಡಿ’ ಎನ್ನುತ್ತೇವಲ್ಲ, ಈ ಮನೆಯಲ್ಲಿ ತಾಯಿಯ ನುಡಿ ತಾಯಿಯ ಬಳಿಯೇ ಉಳಿದುಬಿಟ್ಟಿದೆ.

ಇದು ದೂರದ ಕತೆ ಅನಿಸಿದರೆ, ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆಂದು ಆರು ತಿಂಗಳು ಹೋಗಿಬಂದ ಯಾವುದಾದರೂ ಅಮ್ಮನನ್ನು ಮಾತಾಡಿಸಿ ನೋಡಿ. ಮೊಮ್ಮಕ್ಕಳ ಜೊತೆ ತಾವು ಆಡಿದ ಇಂಗ್ಲಿಷನ್ನು ಅವರು ನಗುತ್ತಾ ಹೇಳುತ್ತಾರೆ. ಅಷ್ಟು ದೂರ ಯಾಕೆ, ಅಮ್ಮ ಕನ್ನಡದಲ್ಲಿ ಕೇಳಿ ಮಗಳು ಇಂಗ್ಲಿಷಿನಲ್ಲಿ ಉತ್ತರಿಸುವ ಮನೆಗಳು ಬೆಂಗಳೂರಿನಲ್ಲೇ ಬೇಕಾದಷ್ಟಿವೆ.

ಮಗಳ ಕೈಯಲ್ಲಿ ಅಮ್ಮನ ಬದುಕು ಹೇಗೆ ಆಕಾರ ಪಡೆಯುತ್ತದೆ ಎನ್ನುವುದಕ್ಕೆ ಸೋದರಮಾವನ ಪ್ರಸಂಗ ನೋಡಬೇಕು. ಹಾಂಗ್‌ಕಾಂಗಿನಲ್ಲಿ ಹಕ್ಕಿ ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಮಾವ, ಅವನಿಗೆ ಒಬ್ಬ ಹುಡುಗಿಯ ಮೇಲೆ ಹುಟ್ಟಿದ ಪ್ರೀತಿ, ಅದು ಕೈಗೂಡದೇ ಹೋದದ್ದು. ಪುಸ್ತಕದಲ್ಲಿ ಅತ್ಯಂತ ತುಂಬಿಕೊಂಡ, ಸಿನಿಮಾದಂತೆ ಕಣ್ಣಿಗೆ ಕಟ್ಟುವ ಭಾಗ ಇದು. ಬಣ್ಣ, ಪಂಜರ, ಬೀದಿ, ಎಲ್ಲ ಇದೆ. ಓದುವಾಗ ನಾವು ಅಂದುಕೊಳ್ಳುತ್ತೇವೆ, ಅಂತೂ ಈ ಕುಟುಂಬದ ಒಳಗೆ ಕಾಲಿಟ್ಟೆವು ಎಂದು. ಆಮೇಲೆ ಮಗಳು ಇದನ್ನು ಅಮ್ಮನ ಮುಂದೆ ಎತ್ತಿದರೆ ಅಮ್ಮ, ಹಾಗೆ ಏನೂ ನಡೆದದ್ದಿಲ್ಲ ಎನ್ನುತ್ತಾಳೆ. ಅಷ್ಟೇ. ಅವಳು ಬೇರೆ ಕತೆ ಕೊಡುವುದಿಲ್ಲ, ಸಿಟ್ಟಾಗುವುದಿಲ್ಲ. ತನ್ನ ಅಣ್ಣತಮ್ಮಂದಿರ ಬಗ್ಗೆ ತನಗೇ ಯಾರೋ ಬಂದು ಹೇಳಿದಂತೆ ಕೇಳಿಸಿಕೊಂಡು, ಅಲ್ಲ ಎಂದುಬಿಡುತ್ತಾಳೆ. ನನಗೆ ಈ ಪ್ರಸಂಗದಲ್ಲಿ ಸೊಗಸೆನಿಸಿದ್ದು, ಔ ಇದಕ್ಕೆ ವಿವರಣೆ ಕೊಡುವ ಗೋಜಿಗೆ ಹೋಗದೇ ಇದ್ದದ್ದು. ಮಗಳ ಬಳಿ ಇರುವುದು ಅಮ್ಮನ ಕುಟುಂಬದ ಕತೆಯಲ್ಲ, ತನಗೆ ಬೇಕಾದಂತೆ ತಾನೇ ಹೆಣೆದುಕೊಂಡದ್ದು ಎಂದು ನಮಗೆ ಗೊತ್ತಾಗುತ್ತದೆ. ಮಗಳಿಗೆ ಗೊತ್ತಾಯಿತೋ ಇಲ್ಲವೋ ಪುಸ್ತಕ ಹೇಳುವುದಿಲ್ಲ.

ಇನ್ನೊಂದು ದೃಶ್ಯ ಒಸಾಕಾದ ಹತ್ತಿರದ ಚರ್ಚಿನದು. ತಡಾವೊ ಆಂಡೊ 1989ರಲ್ಲಿ ಇಬಾರಾಕಿಯಲ್ಲಿ ಕಟ್ಟಿದ ‘ಬೆಳಕಿನ ಚರ್ಚ್’ ಬಲ್ಲವರಿಗೆ ಅದು ಕೂಡಲೇ ನೆನಪಾಗುತ್ತದೆ: ಬರೀ ಕಾಂಕ್ರೀಟು, ಕತ್ತಲು, ಗೋಡೆಯಲ್ಲಿ ಶಿಲುಬೆಯ ಆಕಾರಕ್ಕೆ ಕೊರೆದ ಸೀಳಿನಿಂದ ಒಳಗೆ ಬರುವ ಬೆಳಕು. ಅಲ್ಲಿ ಕೂತಾಗ ಮಗಳು ಅಮ್ಮನನ್ನು ಆತ್ಮದ ಬಗ್ಗೆ ಕೇಳುತ್ತಾಳೆ. ಇಡೀ ಪ್ರವಾಸದಲ್ಲಿ ಅವಳು ಕಾಯುತ್ತಿದ್ದದ್ದು ಇದಕ್ಕೇ. ಚಿತ್ರಗಳ ಮುಂದೆ, ಬಟ್ಟೆಗಳ ಮುಂದೆ, ಹೂಜಿಗಳ ಮುಂದೆ ಅಮ್ಮನನ್ನು ನಿಲ್ಲಿಸಿ ಏನನಿಸುತ್ತದೆ ಎಂದು ಕೇಳಿ ಕೇಳಿ, ಅಮ್ಮ ತಲೆಯಾಡಿಸಿ ಸುಮ್ಮನಾಗುವುದನ್ನು ನೋಡಿದ್ದಾಳೆ. ಇಲ್ಲಿ ಮಾತ್ರ ಅಮ್ಮ ಬಾಯಿ ಬಿಡುತ್ತಾಳೆ. ನಾವು ಏನೂ ಅಲ್ಲ, ಬಂದುಹೋಗುವ ಆಸೆ ಅನುಭವಗಳಷ್ಟೇ; ತಾನು ಬೆಳೆಯುವಾಗ ತನ್ನನ್ನು ಎಲ್ಲರಿಂದ ಬೇರೆ ಎಂದು ಎಣಿಸಿದ್ದೇ ಇಲ್ಲ; ಈಗಿನವರಿಗೆ ಎಲ್ಲವನ್ನೂ ತಿಳಿದುಕೊಳ್ಳುವ ಹಸಿವು, ತಿಳಿದರೆ ನೋವೇನು ಕಡಿಮೆಯಾಗುವುದಿಲ್ಲ ಎಂಬರ್ಥದ ಮಾತುಗಳನ್ನು ಆಡುತ್ತಾಳೆ. ಬೌದ್ಧ ಮನಸ್ಸಿನ ಮಾತು, ಗಟ್ಟಿ ಮಾತು. ಅದು ಮಗಳಿಗೇ ಹೇಳಿದ್ದು, ಅವಳ ಇಡೀ ಯೋಜನೆಗೇ ಹೇಳಿದ ಉತ್ತರ. ಗ್ರೀಕ್ ನಾಟಕ ಓದಿದ, ಸಾಹಿತ್ಯ ಓದಿದ, ಮಗು ಬೇಕೋ ಬೇಡವೋ ಎಂದು ಸಂಗಾತಿಯ ಜೊತೆ ಯೋಚಿಸುತ್ತಿರುವ ಈ ಮಗಳು ಇದಕ್ಕೆ ಏನು ಹೇಳುತ್ತಾಳೆ?

ಗಡಿಯಾರ ನೋಡಿಕೊಳ್ಳುತ್ತಾಳೆ. ಒಳಗೆ ಇರಲು ಕೊಟ್ಟ ಹೊತ್ತು ಮುಗಿಯುತ್ತಾ ಬಂತು, ಹೊರಡೋಣ ಎನ್ನುತ್ತಾಳೆ.

ನಾನು ನನ್ನ ಪ್ರತಿಯಲ್ಲಿ ಅಮ್ಮನ ಮಾತಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ. ಪಕ್ಕದಲ್ಲಿ ನಕ್ಷತ್ರ ಬೇರೆ. ಗಡಿಯಾರದ ಸಾಲಿನ ಕೆಳಗೆ ಎಳೆದಿರಲಿಲ್ಲ. ಮೊದಲ ಓದಿನಲ್ಲಿ ಆ ಸಾಲು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಎರಡನೆಯ ಓದಿಗೆ ಕಾರಣ ಹೇಳುತ್ತೇನೆ ಎಂದಿದ್ದೆನಲ್ಲ. ಕಳೆದ ಚಳಿಗಾಲದಲ್ಲಿ ಅಮ್ಮನನ್ನು ಕರೆದುಕೊಂಡು ನಾಲ್ಕು ದಿನ ಮುಂಬೈಗೆ ಹೋಗಿದ್ದೆ. ಅಮ್ಮ ಕುಂದಾಪುರದ ಕಡೆಯವಳು, ದೊಡ್ಡ ಊರೆಂದರೆ ಅವಳಿಗೆ ಮುಂಬೈಯೇ, ಬೆಂಗಳೂರಲ್ಲ. ಅವಳ ಅಣ್ಣ, ನನ್ನ ದೊಡ್ಡ ಮಾವ, ಕರಾವಳಿಯ ಅದೆಷ್ಟೋ ಹುಡುಗರಂತೆ ಮೀಸೆ ಮೂಡುವ ಮೊದಲೇ ಹೋಗಿ ಅಲ್ಲಿನ ಉಡುಪಿ ಹೋಟೆಲಿನಲ್ಲಿ ಗ್ಲಾಸು ತೊಳೆದವನು. ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವನು ಎಂದು ನಾನು ನಂಬಿಕೊಂಡಿದ್ದೆ. ಪ್ರವಾಸದ ಪಟ್ಟಿಯೆಲ್ಲ ನಾನೇ ಮಾಡಿದ್ದು. ಮೂರನೆಯ ದಿನ ಹೇಳದೇ ಮಾಟುಂಗಾಕ್ಕೆ ಕರೆದುಕೊಂಡು ಹೋಗಿ, ಇಡ್ಲಿ ಮುಂದೆ ಬಂದ ಮೇಲೆ, ಮಾವ ಇದೇ ಬೀದಿಗಳಲ್ಲಿ ಓಡಾಡಿದ್ದಲ್ವಾ ಅಮ್ಮಾ ಎಂದು ಭಾವುಕಳಾಗಿ ಕೇಳಿದೆ.

“ಅವ ಇಲ್ಲಿ ಇದ್ದದ್ದೇ ಅಲ್ಲ ಮಾರಾಯ್ತಿ. ಫೋರ್ಟಲ್ಲಿ ಇದ್ದದ್ದು. ರಾತ್ರಿಶಾಲೆಗೆ ಹೋದದ್ದು ಮೂರು ತಿಂಗಳು ಅಷ್ಟೇ.”

“ಮತ್ತೆ ನನಗೆ ಯಾರು ಹೇಳಿದ್ದು?”

“ನಿನಗೆ ನೀನೇ ಹೇಳಿಕೊಂಡದ್ದು ಆಗಿರ್ಬೇಕು” ಎಂದು ಅಮ್ಮ ಸಾಂಬಾರಿಗೆ ಬೆಲ್ಲ ಜಾಸ್ತಿಯಾಗಿದೆ ಎಂಬ ವಿಷಯಕ್ಕೆ ಹೋದಳು.

ಇದನ್ನು ನಾನು ಮನೆಯಲ್ಲಿ ಎಲ್ಲರಿಗೂ ನಗುತ್ತಾ ಹೇಳಿದ್ದೇನೆ. ಹೇಳದೇ ಇದ್ದದ್ದು ಅದರ ಹಿಂದಿನ ದಿನದ್ದು. ಕಾಲಾಘೋಡಾದ ದೊಡ್ಡ ವಸ್ತುಸಂಗ್ರಹಾಲಯದಲ್ಲಿ, ಕಿರುಚಿತ್ರಗಳ ಮುಂದೆ ನಾನು ಒಂದೇ ಸಮನೆ ವಿವರಿಸುತ್ತಿದ್ದೆ. ಅಮ್ಮ, ಸಾಕು, ಸ್ವಲ್ಪ ಕೂತ್ಕೊಳ್ಳುವ ಎಂದಳು. ಬೆಂಚಿನ ಮೇಲೆ ಕೂತೆವು. ಸ್ವಲ್ಪ ಹೊತ್ತು ಕಾಲು ನೀವಿಕೊಂಡು, “ನಾನೂ ಒಮ್ಮೆ ಇಲ್ಲಿಗೆ ಬರುವುದು ಅಂತ ಇತ್ತು” ಎಂದಳು. ನಾನು ಹೂಂ ಎಂದೆ, ಫೋನಿನಲ್ಲಿ ಹೊತ್ತು ನೋಡಿದೆ, ಅಮ್ಮಾ ಬೆಳಕಿರುವಾಗಲೇ ಗೇಟ್‌ವೇ ನೋಡಬೇಕಲ್ಲ, ಏಳು ಎಂದೆ. ರಾತ್ರಿ ಕೋಣೆಯಲ್ಲಿ ನೆನಪಾಗಿ, ಆಗ ಏನೋ ಹೇಳ್ತಾ ಇದ್ದೆಯಲ್ಲ ಎಂದು ಕೇಳಿದರೆ, ಎಂತದು, ಮರ್ತುಹೋಯ್ತು ಎಂದಳು. ಊರಿಗೆ ಬಂದ ಮೇಲೂ ಎರಡು ಸಲ ಕೇಳಿದೆ. ಯಾವಾಗ, ಯಾಕೆ ಬರುವುದಿತ್ತು, ಯಾರು ಬೇಡ ಎಂದರು, ಒಂದೂ ನನಗೆ ಗೊತ್ತಿಲ್ಲ. ಹಾಗಾಗಿ ಪುಸ್ತಕವನ್ನು ಮತ್ತೆ ತೆಗೆದೆ, ಈ ಸಲ ಗಡಿಯಾರ ಕಂಡಿತು.

ಇಷ್ಟು ಹೇಳಿದ ಮೇಲೆ, ಪುಸ್ತಕದ ಬಗ್ಗೆ ನನಗೆ ಇರುವ ತಕರಾರನ್ನೂ ಹೇಳಬೇಕು. ಔ ಅವರ ಗದ್ಯಕ್ಕೆ ಒಂದೇ ಉಷ್ಣತೆ. ಹಾಂಗ್‌ಕಾಂಗಿನ ಬಡತನ, ಪ್ರಾಧ್ಯಾಪಕಿಯ ಮನೆಯ ಸೊಗಸಾದ ಪಾತ್ರೆ, ವಿದ್ಯಾರ್ಥಿಯಾಗಿದ್ದಾಗ ಕೆಲಸಕ್ಕಿದ್ದ ರೆಸ್ಟೋರೆಂಟ್, ಅಲ್ಲಿಗೆ ಬರುತ್ತಿದ್ದ ಗಿರಾಕಿಯೊಬ್ಬನಿಂದ ಆದ ಮುಜುಗರ, ಎಲ್ಲವೂ ಅದೇ ತಣ್ಣನೆಯ ಬೆಳಕಿನಲ್ಲಿ, ಅದೇ ಹೆಜ್ಜೆಯಲ್ಲಿ ಬರುತ್ತವೆ. ಇದು ನಿರೂಪಕಿಯ ಸ್ವಭಾವ, ಲೇಖಕಿಯದ್ದಲ್ಲ ಎಂದು ಸಮರ್ಥಿಸಬಹುದು. ಅರ್ಧ ಒಪ್ಪುತ್ತೇನೆ. ಆದರೆ ನಿರೂಪಕಿಗೆ ಕಾಣದ್ದು ನಮಗಾದರೂ ಕಾಣಲು ಒಂದು ಬಿರುಕು ಬೇಕು. ಚರ್ಚಿನ ದೃಶ್ಯದಲ್ಲಿ, ಮಾವನ ಕತೆಯಲ್ಲಿ ಅಂಥ ಬಿರುಕು ಇದೆ. ಉಳಿದ ಎಷ್ಟೋ ಕಡೆ ಇಲ್ಲ, ಬರೀ ಹೊಳಪು. ಜಪಾನ್ ಕೂಡ ಇಲ್ಲಿ ತುಂಬ ಸ್ವಚ್ಛ, ತುಂಬ ಮೌನ. ಮಾತಾಡುವ ಜಪಾನಿಗಳು ಅಪರೂಪ. ಇಬ್ಬರಿಗೂ ಭಾಷೆ ಬಾರದ, ಇಬ್ಬರದೂ ಅಲ್ಲದ ದೇಶಕ್ಕೆ ಹೋದರೆ ಅಮ್ಮನೂ ತಾನೂ ಸಮಾನ ಅಪರಿಚಿತರಾಗುತ್ತೇವೆ ಎಂಬ ಲೆಕ್ಕಾಚಾರ ಮಗಳದ್ದಿರಬಹುದು. ಆದರೆ ಅಲ್ಲಿಗೆ ಮೊದಲೇ ಬಂದುಹೋದವಳು ಅವಳು, ನಕ್ಷೆ ಅವಳ ಕೈಯಲ್ಲಿ, ಟಿಕೇಟು ಅವಳ ಕೈಯಲ್ಲಿ. ಎಲ್ಲಿಯ ಸಮಾನತೆ?

ಜಪಾನ್ ಎಂದಾಗ ಓಜು ನೆನಪಾಗದೇ ಇರುವುದು ಕಷ್ಟ. ಫಿಲ್ಮ್ ಸೊಸೈಟಿಗಳಲ್ಲಿ ಬೆಳೆದವರು ‘ಟೋಕಿಯೊ ಸ್ಟೋರಿ’ (1953) ನೋಡಿರುತ್ತಾರೆ: ಒನೊಮಿಚಿಯಿಂದ ಮಕ್ಕಳನ್ನು ನೋಡಲು ಬಂದ ಮುದುಕ ಮುದುಕಿಯರಿಗೆ ಟೋಕಿಯೊ ತೋರಿಸಲು ಹೆತ್ತ ಮಕ್ಕಳಿಗೆ ಪುರುಸೊತ್ತಿಲ್ಲ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಸೊಸೆ ನೊರಿಕೊ ಕೆಲಸಕ್ಕೆ ರಜೆ ಹಾಕಿ ಬಸ್ಸಿನಲ್ಲಿ ಊರು ತೋರಿಸುತ್ತಾಳೆ. ಅತ್ತೆ ಒಂದು ರಾತ್ರಿ ನೊರಿಕೊಳ ಪುಟ್ಟ ಕೋಣೆಯಲ್ಲಿ ಮಲಗುತ್ತಾಳೆ. ಆ ರಾತ್ರಿಯ ಮಾತು, ಇಬ್ಬರು ಹೆಂಗಸರು ಒಂದು ಊರಿನಲ್ಲಿ ಸುತ್ತಾಡಿ ದಣಿದು ಬಂದು ಆಡುವ ಮಾತಿಗೆ ನನ್ನ ಮಟ್ಟಿಗೆ ಮಾದರಿ. ಮಗಳಿಗಿಂತ ಸೊಸೆಗೆ ಅದು ಸಾಧ್ಯವಾಯಿತು ಎಂಬುದು ಅತ್ತೆ ಸೊಸೆಯರ ಜಗಳದಲ್ಲೇ ಮುಳುಗಿರುವ ನಮ್ಮ ಧಾರಾವಾಹಿಗಳಿಗೆ ಅರ್ಥವಾಗಲಿಕ್ಕಿಲ್ಲ.

ಆದರೆ ಔ ಪುಸ್ತಕದ ಪಕ್ಕಕ್ಕೆ ಇಡಬೇಕಾದ ಓಜು ಚಿತ್ರ ‘ಲೇಟ್ ಆಟಮ್’ (1960). ವಿಧವೆ ತಾಯಿ ಅಕಿಕೊ, ಮದುವೆಯ ವಯಸ್ಸಿನ ಮಗಳು ಅಯಾಕೊ. ಮಗಳ ಮದುವೆಗೆ ಮೊದಲು ಇಬ್ಬರೂ ಒಟ್ಟಿಗೆ ಮಾಡುವ ಕೊನೆಯ ಪ್ರವಾಸ, ಇಕಾಹೊ ಎಂಬ ಬಿಸಿನೀರ ಬುಗ್ಗೆಯ ಊರಿಗೆ. ತಾನು ಮರುಮದುವೆಯಾಗುವುದಿಲ್ಲ, ಒಬ್ಬಳೇ ಇರುತ್ತೇನೆ ಎಂದು ತಾಯಿ ಮಗಳಿಗೆ ಹೇಳುವುದು ಅಲ್ಲಿ. ಅಮ್ಮನನ್ನು ತಪ್ಪು ತಿಳಿದು ಸಿಟ್ಟಾಗಿದ್ದ ಮಗಳು ಅದನ್ನು ಎದುರಿಗೆ ಕೂತು ಕೇಳಿಸಿಕೊಳ್ಳಬೇಕಾಗುತ್ತದೆ. ಓಜು ಇಬ್ಬರಿಗೂ ಕ್ಯಾಮೆರಾ ಕೊಡುತ್ತಾನೆ. ತಾಯಿ ಮಾತಾಡುವಾಗ ತಾಯಿಯ ಮುಖ, ಮಗಳು ಮಾತಾಡುವಾಗ ಮಗಳ ಮುಖ. ಇಲ್ಲಿ ಯಾರ ‘ನಾನು’ವನ್ನೂ ಯಾರೂ ನುಂಗುವುದಿಲ್ಲ. ಇನ್ನೊಂದು ಸಂಗತಿ: ಅಕಿಕೊ ಪಾತ್ರ ಮಾಡಿದ ಸೆತ್ಸುಕೊ ಹಾರಾ, ಹನ್ನೊಂದು ವರ್ಷ ಹಿಂದೆ ‘ಲೇಟ್ ಸ್ಪ್ರಿಂಗ್’ನಲ್ಲಿ (1949) ಮಗಳಾಗಿದ್ದವಳು. ಆಗ ಅಪ್ಪನ ಜೊತೆ ಕ್ಯೋಟೊಗೆ ಇಂಥದೇ ಕೊನೆಯ ಪ್ರವಾಸ ಹೋಗಿದ್ದಳು. ಎರಡನ್ನೂ ನೋಡಿದವರಿಗೆ 1960ರ ತಾಯಿಯ ಮುಖದಲ್ಲಿ 1949ರ ಮಗಳು ಕಾಣುತ್ತಾಳೆ. ತನ್ನ ಅಮ್ಮನೂ ಒಮ್ಮೆ ಯಾರದ್ದೋ ಮಗಳಾಗಿ ರೈಲು ಹತ್ತಿದ್ದಳು ಎಂಬುದನ್ನು ಔ ಅವರ ನಿರೂಪಕಿ ಅಷ್ಟು ಪುಟಗಳಲ್ಲಿ ಹಿಡಿಯಲು ಒದ್ದಾಡುತ್ತಾಳೆ. ಓಜುಗೆ ಅದು ಒಬ್ಬ ನಟಿಯ ಮುಖದಲ್ಲೇ ಸಿಕ್ಕಿಬಿಟ್ಟಿತು. ಸಿನಿಮಾಕ್ಕೆ ಇರುವ ಅನುಕೂಲ ಅದು, ಅದಕ್ಕಾಗಿ ಕಾದಂಬರಿಯನ್ನು ದೂರುವುದು ನ್ಯಾಯವಲ್ಲ.

ಕನ್ನಡದಲ್ಲಿ ಅಮ್ಮನ ಬಗ್ಗೆ ಬರೆದದ್ದಕ್ಕೆ ಕೊರತೆಯಿಲ್ಲ. ಲಂಕೇಶರ ‘ಅವ್ವ’ದಿಂದ ಇತ್ತ ಗಂಡುಮಕ್ಕಳು ಬರೆದದ್ದೇ ಒಂದು ರಾಶಿ ಇದೆ. ಅಲ್ಲಿ ಅವ್ವ ದುಡಿಯುತ್ತಿರುತ್ತಾಳೆ, ಹೊಲದಲ್ಲಿ, ಒಲೆಯ ಮುಂದೆ, ಕೊಟ್ಟಿಗೆಯಲ್ಲಿ. ವೈದೇಹಿಯವರ ಕತೆಗಳಿಗೆ ಬಂದರೆ ಹೆಂಗಸರು ತಮ್ಮ ಕುಂದಾಪುರದ ಮಾತಿನಲ್ಲೇ ಆಡಿ ಮುಗಿಸುತ್ತಾರೆ, ಅಲ್ಲಿ ‘ತನಗೆ’ ಎನ್ನುವ ಮಾತಿಗೆ ಜಾಗವೇ ಇಲ್ಲ. ಆದರೆ ಕೈಯಲ್ಲಿ ಕೆಲಸವಿಲ್ಲದ ಅಮ್ಮ, ಪರ್ಸು ತೊಡೆಯ ಮೇಲಿಟ್ಟುಕೊಂಡು, ತನ್ನದಲ್ಲದ ಊರಿನ ಬೆಂಚಿನ ಮೇಲೆ, ಮಗಳು ಹೊರಡು ಎನ್ನುವವರೆಗೆ ಸುಮ್ಮನೆ ಕೂತಿರುವುದು ನನಗೆ ನಮ್ಮ ಗದ್ಯದಲ್ಲಿ ಹೆಚ್ಚು ಸಿಕ್ಕಿಲ್ಲ. ಅಂಥ ಪ್ರವಾಸಗಳು ಈಗ ಎಷ್ಟೋ ನಡೆಯುತ್ತಿವೆ. ದುಡಿಯುವ ಹೆಣ್ಣುಮಕ್ಕಳು ಅಮ್ಮಂದಿರಿಗೆ ಟಿಕೇಟು ತೆಗೆಯುತ್ತಿದ್ದಾರೆ, ಫೋಟೋ ಹಾಕುತ್ತಿದ್ದಾರೆ. ಕತೆ ಇನ್ನೂ ಬರಬೇಕು.

ಔ ಪುಸ್ತಕ ಮುಗಿಯುವುದು ಒಂದು ಚಪ್ಪಲಿಯಷ್ಟು ಸಣ್ಣ ಸಂಗತಿಯಲ್ಲಿ. ಹೊರಡುವ ಹೊತ್ತು. ಅಮ್ಮ ಶೂ ಹಾಕಿಕೊಳ್ಳಲು ಒದ್ದಾಡುತ್ತಿದ್ದಾಳೆ, ಮಗಳ ಸಹಾಯ ಕೇಳುತ್ತಾಳೆ. ಇಡೀ ಪ್ರವಾಸದಲ್ಲಿ ಅಮ್ಮ ತನಗಾಗಿ ಕೇಳಿದ್ದು ತೀರಾ ಕಡಿಮೆ. ಏನು ನೋಡಬೇಕು, ಎಲ್ಲಿಗೆ ಹೋಗಬೇಕು, ಏನು ತಿನ್ನಬೇಕು ಎಂಬುದಕ್ಕೆಲ್ಲ ನಿನಗೆ ಸರಿ ಕಂಡದ್ದು ಎಂಬ ಧಾಟಿಯ ಉತ್ತರ ಅವಳದ್ದು. ಈಗ ಮಾತ್ರ ಬಗ್ಗಲಾಗದ ಮೈಯ ಒಂದು ನೇರ ಕೋರಿಕೆ. ಕನ್ನಡದಲ್ಲಿ ಆ ಅಮ್ಮ ಏನೆನ್ನುತ್ತಿದ್ದಳು ಎಂದು ನಾನು ಸುಮ್ಮನೆ ಊಹಿಸಿ ನೋಡಿದೆ. ‘ಇದೊಂದು ಸ್ವಲ್ಪ ಎಳಿ’ ಎನ್ನುತ್ತಿದ್ದಳೇನೋ. ‘ನಾನು’ ಇಲ್ಲ, ‘ತಾನು’ ಇಲ್ಲ, ‘ನೀವು’ ಎನ್ನುವ ಸಂಕೋಚವೂ ಇಲ್ಲ. ಮಗಳು ಕೂಡಲೇ ನೆಲಕ್ಕೆ ಮೊಣಕಾಲೂರಿ, ಒಂದೇ ಸಲಕ್ಕೆ ಜೋರಾಗಿ ಎಳೆದು ಶೂ ಹಾಕಿಸುತ್ತಾಳೆ. ಆಗ ಅಮ್ಮನಿಗೆ ಏನನಿಸಿರಬಹುದು ಎಂದು ಅವಳು ಊಹಿಸುವುದಿಲ್ಲ, ಕೇಳುವುದೂ ಇಲ್ಲ.